ಕಂಪ್ಯೂಟರಿಗೆ ದೃಷ್ಟಿ ತೆಗೆದ ಸಂಜೆ

ಕಂಪ್ಯೂಟರಿಗೆ ದೃಷ್ಟಿ ತೆಗೆಯುವುದನ್ನು ನೀವು ಎಲ್ಲಾದರೂ ನೋಡಿದ್ದೀರಾ?

ನಾನು ನೋಡಿದೆ. ಹೋದ ತಿಂಗಳು, ಚಾಮರಾಜಪೇಟೆಯಲ್ಲಿ, ನನ್ನ ತಂಗಿ ಸುಧಾಳ ಮನೆಯಲ್ಲಿ. ನಕ್ಕೆ ಕೂಡ. ನಕ್ಕಿದ್ದು ಎಷ್ಟು ಹೊತ್ತು ಅಂತ ಕೇಳಬೇಡಿ, ಹೇಳುತ್ತೇನೆ.

ಸುಧಾಳ ಗಂಡ ಪ್ರಹ್ಲಾದನ ಫ್ಯಾಕ್ಟರಿಗೆ ಬೀಗ ಬಿದ್ದು ಬಹಳ ಕಾಲವಾಯಿತು. ಕೈಕಟ್ಟಿ ಕೂರುವ ಜಾತಿಯಲ್ಲ ಅವನು. ಸಂಜೆ ಕ್ಲಾಸಿಗೆ ಹೋಗಿ ಕಂಪ್ಯೂಟರ್ ಕಲಿತ. ಬೋರ್ಡು ಒಂದು ಕಡೆ, ಫ್ಲಾಪಿ ಡ್ರೈವು ಇನ್ನೊಂದು ಕಡೆ, ಪರದೆ ಮತ್ತೊಂದು ಕಡೆ ಅಂತ ಬಿಡಿಬಿಡಿಯಾಗಿ ತಂದು, ನಡುಮನೆಯ ಮೇಜಿನ ಮೇಲೆ ತಾನೇ ಜೋಡಿಸಿದ. ಕುಂಕುಮ ಇಟ್ಟು ಸ್ವಿಚ್ ಹಾಕಿದಾಗ ಹಸಿರು ಅಕ್ಷರಗಳು ಮೂಡಿದವು. ಇಡೀ ವಠಾರ ಚಪ್ಪಲಿ ಬಿಟ್ಟು ಒಳಗೆ ಬಂದು ದರ್ಶನ ಮಾಡಿತು.

ಹತ್ತಿರದ ಟ್ಯುಟೋರಿಯಲ್ ಒಂದು ತನ್ನ ಹುಡುಗರ ಅಂಕಪಟ್ಟಿಯನ್ನೆಲ್ಲ ಪ್ರಿಂಟ್ ಮಾಡಿಕೊಡಲು ಹೇಳಿತು. ಮೊದಲ ಕೆಲಸ. ಸರಿಯಾಗಿ ಆದರೆ ವರ್ಷವಿಡೀ ಕೆಲಸ. ಆಗದಿದ್ದರೆ? ಪ್ರಹ್ಲಾದನ ಮನೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ.

ಆದರೆ ಕಂಪ್ಯೂಟರ್ ನಿಲ್ಲತೊಡಗಿತು. ಹೊತ್ತಿಲ್ಲ, ಗೊತ್ತಿಲ್ಲ. ಟೈಪ್ ಮಾಡುತ್ತ ಮಾಡುತ್ತ ಪರದೆ ಒಮ್ಮೆ ಮಿಟುಕಿಸಿ ಕಪ್ಪಾಗುವುದು, ಮತ್ತೆ ಮೊದಲಿನಿಂದ ಶುರುವಾಗುವುದು. ಫ್ಲಾಪಿಗೆ ಇಳಿಸದೆ ಉಳಿದದ್ದೆಲ್ಲ ಮಾಯ. (ಅದು ಎಲ್ಲಿಗೆ ಹೋಗುತ್ತದೆ ಅಂತ ಸುಧಾ ಕೇಳಿದಳು. ಆ ಹೊತ್ತಿನಲ್ಲಿ ಕೇಳುವ ಪ್ರಶ್ನೆಯೇ ಅದು?)

ಅವನು ಮಾಡದ ಉಪಾಯವಿಲ್ಲ. ಚಿಪ್‌ಗಳನ್ನು ಕಿತ್ತು ಒರೆಸಿ ಮತ್ತೆ ಕೂರಿಸಿದ. ವೈರು ಬದಲಾಯಿಸಿದ. ಬಿಸಿಯಾಗುತ್ತಿದೆಯೇನೋ ಅಂತ ಡಬ್ಬದ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಇಟ್ಟ. ಯಾರೋ ಸ್ನೇಹಿತರು ವೈರಸ್ ಇರಬಹುದು ಎಂದರು. ಅದನ್ನು ಕೇಳಿ ವಠಾರದ ಪದ್ದಕ್ಕ ಶುಂಠಿ ಕಷಾಯ ತಂದರು. ಕಂಪ್ಯೂಟರಿಗಲ್ಲ, ಅದರ ಮುಂದೆ ಕೂತಿದ್ದವನಿಗೆ.

ಪದ್ದಕ್ಕನ ವಿಷಯ ಹೇಳಲೇಬೇಕು. ವಠಾರದ ಕೊನೆಯ ಒಂಟಿ ಕೋಣೆ ಅವರದು. ಗಂಡನಿಲ್ಲ, ಮಕ್ಕಳಿಲ್ಲ. ಚಕ್ಕುಲಿ, ಕೋಡುಬಳೆ ಕರಿದು ಕಾಂಡಿಮೆಂಟ್ಸ್ ಅಂಗಡಿಗೆ ಕೊಟ್ಟು ಬದುಕುವವರು. ಸುಧಾಳ ಬಾಣಂತನದಲ್ಲಿ ಕರೆಯದೆ ಬಂದು ಮಗುವಿಗೆ ನೀರು ಹಾಕಿದವರು, ಆಮೇಲೂ ಸುಧಾ ಕರೆದಾಗಲೆಲ್ಲ ಬಂದು ಅದಕ್ಕೆ ದೃಷ್ಟಿ ತೆಗೆದವರು.

ವೋಲ್ಟೇಜ್ ಮೇಲೂ ಪ್ರಹ್ಲಾದನಿಗೆ ಅನುಮಾನ ಬಂದಿತ್ತು. ಅಷ್ಟೂ ಮನೆಗಳಿಗೆ ಒಂದೇ ಮೀಟರು, ಅಟ್ಟದ ಮೇಲೆ ಹಳೆಯ ಬಟ್ಟೆ ಸುತ್ತಿದ ವೈರು. ಹಿಂದೊಮ್ಮೆ ಅದು ಕರಗಿ ತೊಲೆಗೆ ಬೆಂಕಿ ತಗುಲಿತ್ತಂತೆ. ಅಂದಿನಿಂದ ಓನರ್ ಶಾಮಣ್ಣನವರದು ಒಂದೇ ಕಟ್ಟಪ್ಪಣೆ: ಬಲ್ಬು, ರೇಡಿಯೋ, ಫ್ಯಾನು ಇರಲಿ. ಕರೆಂಟ್ ಒಲೆ ಇಟ್ಟವರು ಮನೆ ಖಾಲಿ ಮಾಡಬೇಕು. ಪ್ರಹ್ಲಾದ ಮನೆಮನೆಗೂ ಹೋಗಿ ವಿಚಾರಿಸಿದ. ಯಾರ ಮನೆಯಲ್ಲೂ ಏನೂ ಇಲ್ಲ.

"ನನ್ನತ್ರ ಏನಿದೆಯಪ್ಪಾ, ಒಂದು ಬಲ್ಬು. ಅದನ್ನೂ ಬೇಗ ಆರಿಸ್ತೀನಿ" ಎಂದಿದ್ದರು ಪದ್ದಕ್ಕ.

ನಾನು ಹೋದ ಸಂಜೆ ಪ್ರಹ್ಲಾದ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಟ್ಯುಟೋರಿಯಲ್‌ನವರು ನಾಳೆಯೇ ಕಡೆ ದಿನ ಅಂದಿದ್ದರು.

"ಮಾರಿಬಿಡ್ತೀನಿ ಭಾವ. ಇದು ನನ್ನ ಹಣೇಲಿ ಬರೆದಿಲ್ಲ."

"ಯಾರು ತಗೋತಾರೆ? ನಿಂತ್ ನಿಂತ್ ಹೋಗೋ ಕುದುರೇನ?" ಎಂದಳು ಸುಧಾ. ಮಾತು ಚುಚ್ಚಿದ್ದು ಅವಳಿಗೇ ಗೊತ್ತಾಗಿ ಒಳಗೆ ಹೋದಳು.

ಆಗ ಬಾಗಿಲಲ್ಲಿ ಪದ್ದಕ್ಕ. ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ.

"ಅಷ್ಟು ಜನ ಬಂದು ಕಣ್ಣು ಹಾಕಿ ಹೋದ್ರೆ ಇನ್ನೇನಾಗುತ್ತೆ? ಜರುಗೋ ಈಚೆ. ಅದ್ಯಾವ ಬಟನ್ನೋ ಒತ್ತು, ಉರೀತಾ ಇರ್ಲಿ."

ಪ್ರಹ್ಲಾದ ನನ್ನ ಮುಖ ನೋಡಿದ. ನಾನು ಕಣ್ಣಲ್ಲೇ 'ಹೋಗಲಿ ಬಿಡು' ಎಂದೆ. ಪದ್ದಕ್ಕ ಕಂಪ್ಯೂಟರನ್ನು ಮೂರು ಸುತ್ತು ನಿವಾಳಿಸಿದರು. "ನಾಯಿ ಕಣ್ಣು, ನರಿ ಕಣ್ಣು, ಬಂದೋರ ಕಣ್ಣು, ಹೋದೋರ ಕಣ್ಣು..." ನಾನು ನಕ್ಕಿದ್ದು ಆಗಲೇ.

ನಿವಾಳಿಸಿದ ಮೇಲಿನ ಕಟ್ಟಳೆ ನಿಮಗೂ ಗೊತ್ತಿರಬೇಕು. ಯಾರೊಂದಿಗೂ ಮಾತಾಡದೆ, ಎಲ್ಲೂ ನಿಲ್ಲದೆ, ಹಿಂತಿರುಗಿ ನೋಡದೆ ನೇರ ಹೋಗಿ ಬೆಂಕಿಗೆ ಹಾಕಬೇಕು. ಹಾದಿಯಲ್ಲಿ ನಿಂತರೆ ದೃಷ್ಟಿ ಮತ್ತೆ ಮನೆಗೇ ಬರುತ್ತದಂತೆ. ಪದ್ದಕ್ಕ ಅಂಗಳ ದಾಟಿದರು. ಜಗಲಿಯಲ್ಲಿ ಕೂತಿದ್ದ ಶಾಮಣ್ಣನವರು "ಏನಮ್ಮಾ, ಕಂಪ್ಯೂಟರಿಗೂ ಶಾಸ್ತ್ರವೇ?" ಎಂದು ನಕ್ಕರು. ಪದ್ದಕ್ಕ ತುಟಿ ಬಿಚ್ಚಲಿಲ್ಲ, ಸೀದಾ ಕೋಣೆ ಸೇರಿದರು.

ಮರುಕ್ಷಣ ನಡುಮನೆಯ ಬಲ್ಬು ಮಂಕಾಯಿತು. ಪರದೆ ಮಿಟುಕಿಸಿತು. ಕಪ್ಪಾಯಿತು.

ಪ್ರಹ್ಲಾದ ಹಾರಿಬಿದ್ದ. "ಸಿಕ್ತು ಭಾವ, ಸಿಕ್ತು! ಯಾರೋ ಈಗ್ಲೇ ಏನೋ ಹಾಕಿದ್ರು!" ಅಂಗಳಕ್ಕೆ ಓಡಿ ಕೂಗಿದ. ಅಷ್ಟು ದಿನದ ಸಂಕಟ ಒಂದೇ ಉಸಿರಿನಲ್ಲಿ ಹೊರಬಿದ್ದಿತ್ತು. "ಶಾಮಣ್ಣೋರೇ, ನನ್ನ ಮಷೀನಲ್ಲಿ ಏನೂ ತಪ್ಪಿಲ್ಲ! ಯಾರೋ ಕರೆಂಟ್ ಎಳೀತಿದಾರೆ!"

ಅಷ್ಟರಲ್ಲಿ ಘಾಟು ಬಂತು. ಸುಟ್ಟ ಮೆಣಸಿನಕಾಯಿಯ ಘಾಟು. ವಠಾರಕ್ಕೆ ವಠಾರವೇ ಕೆಮ್ಮತೊಡಗಿತು. (ದೃಷ್ಟಿ ತಗುಲಿದ್ದರೆ ಘಾಟು ಬರುವುದಿಲ್ಲ ಎನ್ನುತ್ತಿದ್ದರು ನಮ್ಮಜ್ಜಿ. ಹಾಗಾದರೆ ಆ ಕಂಪ್ಯೂಟರಿಗೆ ಯಾರ ದೃಷ್ಟಿಯೂ ತಗುಲಿರಲಿಲ್ಲ.)

ಶಾಮಣ್ಣನವರು ಮೆಲ್ಲಗೆ ಎದ್ದರು. ರೇಷನ್ ಅಂಗಡಿಗೆ ಸೀಮೆಎಣ್ಣೆ ಬರದೆ ಎಷ್ಟೋ ದಿನವಾಗಿತ್ತು. ಇಡೀ ವಠಾರ ಸೌದೆ, ಇದ್ದಿಲು ಅಂತ ಪರದಾಡುತ್ತಿತ್ತು. ಪದ್ದಕ್ಕನ ಕೋಣೆಯಿಂದ ಹೊಗೆ ಬಂದದ್ದನ್ನು ಯಾರೂ ನೋಡಿರಲಿಲ್ಲ. ಚಕ್ಕುಲಿ ಮಾತ್ರ ತಪ್ಪದೆ ಅಂಗಡಿಗೆ ಹೋಗುತ್ತಿತ್ತು.

ಬಾಗಿಲು ಅರ್ಧ ತೆರೆದಿತ್ತು. ಮೂಲೆಯಲ್ಲಿ, ಸುರುಳಿ ಕೆಂಪಗೆ ಕಾದ ಕರೆಂಟ್ ಒಲೆ. ಅದರ ಮೇಲೆ ಕರಿಕಾಗಿ ಹೋದ ಮೆಣಸಿನಕಾಯಿ.

ಶಾಮಣ್ಣನವರು ಹೊರಗೆ ಹೋದಾಗ ಮಾತ್ರ ಪದ್ದಕ್ಕ ಅದನ್ನು ಹಚ್ಚುತ್ತಿದ್ದರು. ಅವರು ಗುಡಿಗೆ ಹೋಗಲಿ, ಮಾರ್ಕೆಟ್ಟಿಗೆ ಹೋಗಲಿ, ಇಲ್ಲಿ ಎಣ್ಣೆ ಕಾಯುವುದು, ಅಲ್ಲಿ ಕಂಪ್ಯೂಟರ್ ನಿಲ್ಲುವುದು. ಅವತ್ತೊಂದು ದಿನ, ಕಟ್ಟಳೆ ಮೀರಬಾರದು ಅಂತ, ಅವರ ಕಣ್ಣೆದುರೇ ಹಚ್ಚಿದರು. ಅದೂ ಯಾರಿಗಾಗಿ?

"ನಿನ್ನ ಪೆಟ್ಟಿಗೆಗೂ ನನ್ನ ಒಲೆಗೂ ನಂಟಿದೆ ಅಂತ ನಂಗೊತ್ತಿರ್ಲಿಲ್ಲ ಕಣಪ್ಪಾ" ಎಂದರು ಪದ್ದಕ್ಕ, ಪ್ರಹ್ಲಾದನಿಗೆ.

ಪ್ರಹ್ಲಾದ ಬೇಡಿಕೊಂಡ. "ನಾನೇ ಬೇರೆ ವೈರ್ ಎಳಸ್ತೀನಿ ಸಾರ್. ಇದೊಂದ್ಸಲ ಬಿಟ್ಬಿಡಿ."

"ಮೇಲ್ಗಡೆ ಮಕ್ಕಳು ಮಲಗ್ತಾವಪ್ಪಾ" ಎಂದರು ಶಾಮಣ್ಣನವರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಇಳಿಯುವವರೆಗೆ ಕಾಯಬಹುದಿತ್ತು. "ತೊಲೆ ಹತ್ಕೊಂಡಾಗ ನೀನಿರ್ಲಿಲ್ಲ. ನಾನಿದ್ದೆ."

ಅವರ ಮಾತಿನಲ್ಲಿ ತಪ್ಪು ಹುಡುಕಿ ನೋಡಿದೆ. ಸಿಗಲಿಲ್ಲ. ನಿಮಗೆ ಸಿಕ್ಕಿದರೆ ಬರೆಯಿರಿ.

ಒಲೆ ಆರಿಸಿದ ಮೇಲೆ ಕಂಪ್ಯೂಟರ್ ಮರುದಿನವೆಲ್ಲ ಓಡಿತು. ಒಮ್ಮೆಯೂ ಮಿಟುಕಿಸಲಿಲ್ಲ. ಅಂಕಪಟ್ಟಿ ಹೊತ್ತಿಗೆ ಸರಿಯಾಗಿ ಹೋಯಿತು. ಟ್ಯುಟೋರಿಯಲ್‌ನವರು ವರ್ಷದ ಕೆಲಸವನ್ನೂ ಒಪ್ಪಿಸಿದರು.

ಪದ್ದಕ್ಕ ಯಶವಂತಪುರದ ಕಡೆ ಯಾರೋ ದೂರದ ನೆಂಟರ ಮನೆಗೆ ಹೋದರು. ಅಲ್ಲಿ ಮಲಗಲು ಜಾಗವಿದೆಯಂತೆ, ಒಲೆ ಮಾತ್ರ ಆ ಮನೆಯ ಸೊಸೆಯದು. ಆಟೋದಲ್ಲಿ ಕೂತವರ ಮಡಿಲಲ್ಲಿ ಹಿತ್ತಾಳೆಯ ಚಕ್ಕುಲಿ ಒರಳಿತ್ತು. ಹೊರಡುವಾಗ ಕೇಳಿದ್ದು ಒಂದೇ: "ಓಡ್ತಿದೆಯೇನೋ ಅದು, ಚೆನ್ನಾಗಿ?"

"ಓಡ್ತಿದೆ ಪದ್ದಕ್ಕ" ಎಂದ ಪ್ರಹ್ಲಾದ. ಇನ್ನೇನು ಹೇಳಬೇಕಿತ್ತು ಅವನು?

ನಿನ್ನೆ ಮತ್ತೆ ಹೋಗಿದ್ದೆ. ವಠಾರದವರು ಬಂದು ಪರದೆ ನೋಡಿ, "ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೆ!" ಎಂದು ಹೊಗಳಿ ಹೋದರು. ಸುಧಾ ಎದ್ದು, ಅಭ್ಯಾಸಬಲದಿಂದ, ಒಂದು ಹಿಡಿ ಉಪ್ಪು, ನಾಲ್ಕು ಮೆಣಸಿನಕಾಯಿ ತಂದು ಬಾಗಿಲಿನವರೆಗೆ ಹೋಗಿ ನಿಂತಳು.

ಅವಳು ಕರೆಯುವುದು ಯಾರನ್ನು?