ಹಿಡದೇನಿ

ನಾನು ನಿಂತದ್ದು ಅವ್ವನ ಬೆನ್ನ ಹಿಂದೆ, ಒಂದು ಮೊಳದಷ್ಟು ದೂರದಲ್ಲಿ. ಜೇವರ್ಗಿಯ ನಮ್ಮ ಮನೆಯ ಅಂಗಳ. ೧೯೮೮ರ ಶ್ರಾವಣದ ಒಂದು ಭಾನುವಾರ, ಅವ್ವ ಲಿಂಗಪೂಜೆ ಮುಗಿಸಿದ ಹೊತ್ತು, ಅಂದರೆ ಬೆಳಗಿನ ಒಂಬತ್ತರ ಸುಮಾರು. ಮಳೆ ಇರಲಿಲ್ಲ. ನೆಲ ಒಣಗಿತ್ತು, ಅಂಗಾಲಿನಿಂದ ಮುಟ್ಟಿ ನೋಡಿದ್ದೆ.

ಅಂಗಳಕ್ಕೆ ಹಾಸಿದ್ದು ಫರಸಿ ಕಲ್ಲಿನ ಚಪ್ಪಡಿ. ಪಡಸಾಲೆಯ ಅಂಚಿನಿಂದ ಮೂಲೆಯ ಸಂಡಾಸದ ಬಾಗಿಲಿಗೆ ಹನ್ನೊಂದು ಫರಸಿ. ಆ ಬೇಸಿಗೆಯಲ್ಲಿ ಒದ್ದೆ ಫರಸಿಯ ಮೇಲೆ ಜಾರಿ ಬಿದ್ದು ಅವ್ವ ತೊಡೆಯ ಎಲುಬು ಮುರಿದುಕೊಂಡಿದ್ದಳು. ಗುಲಬರ್ಗಾದಲ್ಲಿ ಆಪರೇಶನ್ ಆಯಿತು. ಎಲುಬು ಕೂಡಿದೆ, ಇನ್ನು ನಡೆಯಬಹುದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆದರೆ ವಾಕರ್ ಹಿಡಿದು ಎದ್ದು ನಿಂತರೆ ಸಾಕು, ಅವಳ ಮೊಣಕಾಲು ನಡುಗುತ್ತಿದ್ದವು. ನಡುಗುತ್ತಿದ್ದದ್ದು ನೋವಿಗಲ್ಲ, ಮತ್ತೆ ಬೀಳುವ ಅಂಜಿಕೆಗೆ.

ಸೊಸೆ, ಅಂದರೆ ನನ್ನ ಹೆಂಡತಿ, ಬೆಡ್‌ಪ್ಯಾನ್ ಇಡುವಾಗ ಅವ್ವ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. “ಸಂಡಾಸಕ್ಕ ನಾನೇ ಹೋಗುವಂಗ ಆಗಲಿ. ಮತ್ತೇನೂ ಬ್ಯಾಡ ನನಗ,” ಎಂದಿದ್ದಳು.

ವಾರಕ್ಕೊಮ್ಮೆ ಗುಲಬರ್ಗಾದಿಂದ ಬಸ್ಸಿನಲ್ಲಿ ಬಂದು ವ್ಯಾಯಾಮ ಮಾಡಿಸುವವರೊಬ್ಬರಿದ್ದರು. ಅವ್ವನ ಬಾಯಲ್ಲಿ ಅವರು ಕಸರತ್ತಿನ ಮಾಸ್ತರ.

“ಈ ವಯಸ್ಸಿನಾಗ ನನ್ನ ಕುಸ್ತಿಗೆ ಬಿಡ್ತೀರೇನ್ರಿ ಮಾಸ್ತರ?”

“ಗೆದ್ರ ಬೆಳ್ಳಿ ಕಡಗ ನಿಮಗರಿ ಯವ್ವಾ. ಮೊದಲ ಎದ್ದರ ನಿಂದರ್ರಿ.”

ಅಪ್ಪನ ಹಳೆಯ ಧೋತರವನ್ನು ನಾಲ್ಕು ಮಡಿಕೆ ಮಾಡಿ ಅವ್ವನ ನಡುವಿಗೆ ಬಿಗಿದು, ಹಿಂದಿನಿಂದ ಒಬ್ಬರು ಅದನ್ನು ಹಿಡಿಯಬೇಕೆಂದು ಕಲಿಸಿದವರು ಅವರೇ. ಪ್ರತಿ ಫರಸಿಗೂ ಅವ್ವ ಕೇಳುವಳು, “ಹಿಡದೀಯೇನೋ?” ನಾನು ಅನ್ನಬೇಕು, “ಹಿಡದೇನಿ.” ಆಮೇಲೆಯೇ ಮುಂದಿನ ಹೆಜ್ಜೆ. ಮಾಸ್ತರು ನನ್ನನ್ನು ಬದಿಗೆ ಕರೆದು ಹೇಳಿದ್ದರು: “ಎಷ್ಟು ಸಲ ಕೇಳಿದ್ರೂ ಖರೇನೇ ಹೇಳ್ರಿ. ಬಿಡೂದಿದ್ರ, ಬಿಡ್ತೇನಿ ಅಂತ ಹೇಳೇ ಬಿಡ್ರಿ.”

ನಾನು ಆಗ ಅಫಜಲಪುರದಲ್ಲಿ ಶಾಲಾ ಶಿಕ್ಷಕ. ಶನಿವಾರ ಬಂದು ಭಾನುವಾರ ಮಧ್ಯಾಹ್ನದ ಬಸ್ಸಿಗೆ ಹೊರಡುವವನು. ಉಳಿದ ದಿನ ಧೋತರ ಹಿಡಿಯುತ್ತಿದ್ದವಳು ನನ್ನ ಹೆಂಡತಿ. ಆ ಭಾನುವಾರ ಅವ್ವನ ಹೆಜ್ಜೆ ಎಂದಿಗಿಂತ ಹಗುರವಾಗಿತ್ತು. ಧೋತರ ನನ್ನ ಮುಷ್ಟಿಯಲ್ಲಿ ಸಡಿಲವಾಗಿಯೇ ಇತ್ತು. ಹಿಡಿದಿದ್ದೇನೆ ಎನ್ನುತ್ತಲೇ ಕೈ ಬಿಟ್ಟು ತಮ್ಮನಿಗೆ ನಾನು ಸೈಕಲ್ ಕಲಿಸಿದ್ದು ನೆನಪಾಯಿತು. ಐದನೆಯ ಫರಸಿಯಲ್ಲಿ ಕೈ ಬಿಟ್ಟೆ.

“ಹಿಡದೀಯೇನೋ?”

“ಹಿಡದೇನಿ ಬೇ.”

ಆರು. ಏಳು. ಎರಡು ಸಲವೂ ಕೇಳಿದಳು, ಎರಡು ಸಲವೂ ಅದನ್ನೇ ಹೇಳಿದೆ. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ನನ್ನ ಹೆಂಡತಿ ತಲೆ ಎತ್ತಿ ನನ್ನ ಕೈ ನೋಡಿದಳು. ಮೊರ ಕೆಳಗಿಟ್ಟಳು. ಎಂಟನೆಯ ಫರಸಿಗೆ ಬಂದಾಗ, ಮೊಸರಿನ ಹೆಪ್ಪು ಕೇಳಲು ಬಟ್ಟಲು ಹಿಡಿದು ಬಂದ ನೆರೆಮನೆಯವರು, ನಾವೆಲ್ಲ ಖಾಲಾ ಎನ್ನುತ್ತಿದ್ದವರು, ಬಾಗಿಲಲ್ಲೇ ನಿಂತು ಖುಷಿಯಿಂದ ಕೂಗಿದರು:

“ಯಾ ಅಲ್ಲಾ! ಅಕ್ಕಾ ಒಬ್ಬಾಕೇ ನಡ್ಯಾಕತ್ಯಾಳ ನೋಡ್ರಿ!”

ಅವ್ವ ನಿಂತಳು. ಕತ್ತು ತಿರುಗಿಸಿದಳು. ನನ್ನ ಎರಡೂ ಕೈ ಕೆಳಗೆ ಜೋತಿದ್ದವು.

ಅವ್ವ ಬೀಳಲಿಲ್ಲ. ಇದನ್ನು ಬರೆದೇ ಇಡಬೇಕು, ಏಕೆಂದರೆ ಮತ್ತೆ ಬಿದ್ದಳೆಂಬ ಮಾತು ನಮ್ಮ ಬಂಧುಗಳಲ್ಲಿ ಹರಡಿತು. ವಾಕರ್‌ನ ಕಾಲು ಕಲ್ಲಿನ ಮೇಲೆ ಟಕಟಕ ಸದ್ದು ಮಾಡಿದವು. ನನ್ನ ಹೆಂಡತಿ ಓಡಿ ಬಂದು ತೋಳು ಹಿಡಿದು ಅಲ್ಲಿಯೇ ಕೂರಿಸಿದಳು.

“ಯಾವಾಗ ಬಿಟ್ಟಿ?” ಎಂದು ಕೇಳಿದಳು ಅವ್ವ.

“ಈಗ. ಈಗಷ್ಟ ಬಿಟ್ಟೆ ಬೇ.”

ಅವಳು ತಾನು ದಾಟಿ ಬಂದ ಕಲ್ಲುಗಳನ್ನು ನೋಡಿದಳು.

ಆಮೇಲೆ ಅವ್ವ ಎದ್ದು ನಿಲ್ಲಲು ಒಪ್ಪಲಿಲ್ಲ, ನನ್ನ ಹೆಂಡತಿ ಧೋತರ ಹಿಡಿದರೂ. ನಾನು ನಾಲ್ಕು ದಿನ ರಜೆ ಹಾಕಿ ಉಳಿದೆ. ಮಾಸ್ತರು ಬಂದಾಗ ಖಾಲಾ ಹಾಸಿಗೆಯ ಹತ್ತಿರ ಕೂತಿದ್ದರು.

“ಕಾಲು ಛಲೋ ಅದಾವ್ರಿ ಮಾಸ್ತರ,” ಎಂದಳು ಅವ್ವ. “ಬೆನ್ನ ಹಿಂದ ಭರೋಸ ಇಲ್ಲ.”

ಮಾಸ್ತರು ನನ್ನ ಕಡೆ ತಿರುಗಿದರು. “ಏನಾತ್ರಿ?”

“ಯಾರೋ ಒಮ್ಮೆಲೇ ಒದರಿದ್ರು. ಅಂಜಿದಳು,” ಎಂದೆ.

ಖಾಲಾನ ಮುಖ ಬಾಡಿದ್ದನ್ನು ಕಂಡೆ. ಅವ್ವನೂ ಕಂಡಳು. ಮಾತು ತಿದ್ದಲು ನನಗೆ ಹೊತ್ತಿತ್ತು; ಮಾಸ್ತರು ಚಹಾ ಕುಡಿದು ಮುಗಿಸುವಷ್ಟು ಹೊತ್ತು. ತಿದ್ದಲಿಲ್ಲ.

ಅವ್ವ ಇನ್ನೂ ಮೂರು ವರ್ಷ ಇದ್ದಳು. ಒಂದು ದಿನವೂ ಆ ಹನ್ನೊಂದು ಫರಸಿ ದಾಟಲಿಲ್ಲ. ಬೆಡ್‌ಪ್ಯಾನ್ ಕೊನೆಯತನಕ ಮಂಚದ ಕೆಳಗಿತ್ತು.

ಅಂದು ಅಂಗಳದಲ್ಲಿ ಕಣ್ಣಾರೆ ಕಂಡವರಲ್ಲಿ ನನ್ನ ಹೆಂಡತಿ ಇದ್ದಾಳೆ. ಇಷ್ಟು ವರ್ಷ ಆ ಮಾತು ಎತ್ತಿಲ್ಲ. ಖಾಲಾ ಇದ್ದಾರೆ, ಅದೇ ಓಣಿಯಲ್ಲಿ. ನಾನು ಹೋದಾಗಲೆಲ್ಲ, “ನನ್ನ ಬಾಯಿ ಸುಡಲಿ, ಅವತ್ತ ನಾ ಒದರಬಾರದಿತ್ತು,” ಎನ್ನುತ್ತಾರೆ.