ಮೊದಲು ಇಂಗ್ಲಿಷಿಗೆ ಹೊರಳಿದವರು ಯಾರು?

ಈ ಘಟನೆಯನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ನಡೆದದ್ದೆಷ್ಟು, ಹೇಳಿ ಹೇಳಿ ಸೇರಿಕೊಂಡದ್ದೆಷ್ಟು ಎಂದು ಈಗ ನನಗೇ ಖಾತ್ರಿಯಿಲ್ಲ. ಮಾಸ್ಕ್ ಹಾಕಿ ಪಾಠ ಮಾಡಿದ ಕೊನೆಯ ವರ್ಷವೋ ಅದರ ಮರುವರ್ಷವೋ ಇರಬೇಕು. ಆಗ ನ್ಯೂಜೆರ್ಸಿಯ ಒಂದು ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಕಲಿಸುತ್ತಿದ್ದೆ. ಕೊನೆಯ ವರ್ಷದವರು ತಾವೇ ಆರಿಸಿಕೊಂಡ ವಿಷಯದ ಮೇಲೆ ಸಂಶೋಧನೆ ಮಾಡಬೇಕಿತ್ತು. ಅದು ಪಾಸಾಗದಿದ್ದರೆ ಡಿಗ್ರಿ ಇಲ್ಲ.

ಅವರಲ್ಲಿ ಒಬ್ಬಳು ಸಮೀನಾ. ಹುಟ್ಟಿದ್ದು ಇಲ್ಲೇ. ತಂದೆತಾಯಿ ಮೈಸೂರಿನವರು, ಮನೆ ಹ್ಯಾರಿಸನ್‌ನಲ್ಲಿ. ಕನ್ನಡದಲ್ಲಿ ಕೇಳಿದರೂ ಮಕ್ಕಳು ಇಂಗ್ಲಿಷಿನಲ್ಲೇ ಉತ್ತರಿಸುತ್ತವೆಂದು ನಮ್ಮ ಹಿರಿಯರೆಲ್ಲ ದೂರುತ್ತಾರೆ. ಊಟದ ಮೇಜಿನಲ್ಲಿ ನಿಜಕ್ಕೂ ಮೊದಲು ಭಾಷೆ ಬದಲಿಸುವವರು ಯಾರು? ಇದು ಅವಳ ಪ್ರಶ್ನೆ.

ಅವಳದೂ ಸೇರಿ ಆರು ಕುಟುಂಬಗಳು ಒಪ್ಪಿದವು. ಒಂದು ವಾರ ಊಟದ ಹೊತ್ತಿನ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡುವುದು. ಯಾರು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಮೊದಲ ಎರಡು ಸಂಜೆ ಎಲ್ಲ ಮನೆಗಳಲ್ಲೂ ರೇಡಿಯೊ ವಾರ್ತೆಯಂಥ ಕನ್ನಡ. ಯಾರೋ ಗಮನಿಸುತ್ತಿದ್ದಾರೆಂದು ತಿಳಿದಾಗ ಜನ ಬದಲಾಗುವುದಕ್ಕೆ ‘ಅಬ್ಸರ್ವರ್ ಎಫೆಕ್ಟ್’ ಎನ್ನುತ್ತೇವೆ. ಸಮೀನಾ ಆ ಎರಡು ದಿನಗಳನ್ನು ಕೈಬಿಟ್ಟಳು. ಆಮೇಲೆ ಫೋನು ಅಲ್ಲಿರುವುದೇ ಅವರಿಗೆ ಮರೆತುಹೋಯಿತು.

ವರದಿ ಬರೆಯುವ ಮೊದಲು ಎಲ್ಲರನ್ನೂ ಐಸೆಲಿನ್‌ನ ಒಂದು ಹೋಟೆಲಿಗೆ ಕರೆದಳು. ನಾನೂ ಹೋಗಿದ್ದೆ. ಅವಳು ಓದಿ ಹೇಳಿದ ಫಲಿತಾಂಶ ಇದು: ಆರೂ ಮನೆಗಳಲ್ಲಿ ಮೊದಲು ಇಂಗ್ಲಿಷಿಗೆ ಹೊರಳಿದವರು ಹೆಚ್ಚಾಗಿ ದೊಡ್ಡವರೇ. ‘ಪಲ್ಯ ಹಾಕ್ಕೋ’ ಕನ್ನಡದಲ್ಲಿ. ಗದರಿಕೆ, ಮಾರ್ಕ್ಸು, ಕಾಲೇಜು ಎಂದು ಮಾತು ಬಿಗಿಯಾದೊಡನೆ ಇಂಗ್ಲಿಷ್.

ವಾರಾಂತ್ಯದ ಕನ್ನಡ ಶಾಲೆ ನಡೆಸುತ್ತಿದ್ದ ರಾಜಶೇಖರ್ ತಟ್ಟೆ ಪಕ್ಕಕ್ಕೆ ಸರಿಸಿದರು.

“ಪುಟ್ಟಾ, ನಿಮ್ಮನೇಲಿ ಉರ್ದು ಅಲ್ವಾ? ನಮ್ಮ ಕನ್ನಡ ಅಳೆಯೋಕೆ ಬಂದ್ಯಾ?”

“ನಮ್ಮನೇಲಿ ಎರಡೂ ಇದೆ ಅಂಕಲ್. ಅಬ್ಬಾ ಎರಡನ್ನೂ ಬಿಟ್ಟಿದಾರೆ. ಅದನ್ನೂ ಬರ್ದಿದೀನಿ.”

“ಸ್ವಲ್ಪ ಪಾಸಿಟಿವ್ ಆಗಿ ಬರಿ. ಇಲ್ದಿದ್ರೆ ನಾವೆಲ್ಲ ವಿತ್‌ಡ್ರಾ ಮಾಡ್ತೀವಿ.”

“ಮಾಡಿ ಅಂಕಲ್, ದಟ್ಸ್ ಯುವರ್ ರೈಟ್. ರಿಸಲ್ಟ್ ಕೇಳಿದ್ಮೇಲೆ ಎಷ್ಟು ಮನೆಯವರು ಹೋದ್ರು ಅಂತ ಬರೀತೀನಿ. ಹೆಸರು ಹಾಕಲ್ಲ.”

ಐದು ಮನೆಯವರೂ ಹಿಂದೆ ಸರಿದರು. ಉಳಿದದ್ದು ಅವಳದೊಂದೇ. ತಂದೆ ಇಮ್ತಿಯಾಜ್ ಕಾಫಿ ಕಲಕುತ್ತಿದ್ದರು.

“ಅಬ್ಬಾ, ನಿಮಗೂ ಆ ರೈಟ್ ಇದೆ.”

“ಆ ವಾರ ನಂಗೆ ಸುಸ್ತಾಗಿತ್ತು ಕಣಮ್ಮ.”

“ಯಾವ ವಾರ ಸುಸ್ತಾಗಿರಲ್ಲ ಅಬ್ಬಾ?”

ಯಾರೋ ನಕ್ಕರು. ಇಮ್ತಿಯಾಜ್ ನಗಲಿಲ್ಲ. ಯೋಚನೆ ಮಾಡ್ತೀನಿ ಎಂದು ಎದ್ದು ಹೋದರು. ಅವರೂ ಸರಿದರೆ ಪ್ರಾಜೆಕ್ಟೇ ಇಲ್ಲ, ಆ ವರ್ಷ ಡಿಗ್ರಿಯೂ ಇಲ್ಲ.

ಪಾರ್ಕಿಂಗ್ ಲಾಟಿನಲ್ಲಿ ನಾನು, “ವಿಷಯ ಬದಲಾಯಿಸು, ಇನ್ನೂ ಸಮಯವಿದೆ. ಒಂದು ಮನೆ ಸ್ಯಾಂಪಲ್ ಆಗಲ್ಲ,” ಎಂದೆ.

“ಗೊತ್ತು ಸರ್. ಸ್ಯಾಂಪಲ್ ಚಿಕ್ಕದಾಯ್ತು ಅಂತ ನನ್ನ ಪ್ರಶ್ನೆ ಬಿಡಲ್ಲ.”

ಅವಳು ಒಪ್ಪಿಸಿದ ವರದಿಯಲ್ಲಿ ಒಂದೇ ಮನೆಯ ವಿವರವಿತ್ತು. ಇದರಿಂದ ಬೇರೆ ಯಾವ ಮನೆಯ ಬಗ್ಗೆಯೂ ಏನೂ ಹೇಳಲಾಗದು ಎಂದು ಅವಳೇ ಬರೆದಿದ್ದಳು. ಇದು ಸೋತ ಪ್ರಾಜೆಕ್ಟ್ ಎಂದು ಸಹೋದ್ಯೋಗಿಯೊಬ್ಬರು ವಾದಿಸಿದರು. ನಾನು ಪಾಸ್ ಮಾಡಿದೆ. ಇವತ್ತು ಕೊಟ್ಟರೂ ಮಾಡುತ್ತೇನೆ. ಗುರುಗಳು ಕೊಟ್ಟ ವಿಷಯದಲ್ಲಿ ವಿದ್ಯಾರ್ಥಿಗಳು ವಿಧಾನ ಕಲಿಯುತ್ತಾರೆ. ತಾವೇ ಆರಿಸಿಕೊಂಡ ವಿಷಯದಲ್ಲಿ, ಯಾರಿಗೂ ಬೇಡವಾದ ಉತ್ತರದ ಪಕ್ಕ ಒಬ್ಬರೇ ನಿಲ್ಲುವುದನ್ನು ಕಲಿಯುತ್ತಾರೆ. ಎರಡನೆಯದಕ್ಕೆ ನನ್ನ ಬಳಿ ಸಿಲಬಸ್ ಇಲ್ಲ.

ಒಂದು ಸಂಗತಿ ಮಾತ್ರ ಕೊರೆಯುತ್ತಿತ್ತು. ಇಮ್ತಿಯಾಜ್ ತಾವಾಗಿ ಉಳಿದರೋ, ಮಗಳು ಗೋಗರೆದಳೋ? ಗೋಗರೆದು ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಇದನ್ನು ಬರೆಯುವ ಮುನ್ನ ಅವರಿಗೆ ಫೋನ್ ಮಾಡಿದೆ.

“ಒಂದ್ಮಾತೂ ಕೇಳ್ಲಿಲ್ಲ ಸರ್,” ಎಂದರು. “ಕೇಳ್ತಾಳೇನೋ ಅಂತ ನಾನೇ ಕಾದೆ. ಕೇಳಿದ್ರೆ ಬೇಡ ಅನ್ನೋಣ ಅಂತಿದ್ದೆ. ಕೊನೆಗೆ ನಾನೇ ಹೇಳ್ದೆ, ನಮ್ಮನೆ ಇರ್ಲಿ ಅಂತ.”

ಸಂಶಯ ನನ್ನ ಕಸುಬು. ಸಮೀನಾಳನ್ನೂ ಬೇರೆಯಾಗಿ ವಿಚಾರಿಸಿದೆ. ಹೌದು, ಅವಳು ಕೇಳಿರಲಿಲ್ಲ.