ಗಾಜಿನ ತಟ್ಟೆಯಲ್ಲಿ ವಾಸಿಯಾದ ಮಂಡಿ

"ಅಲ್ಲಿ ಯಾರ ಮಂಡಿ ವಾಸಿ ಆಯ್ತವ್ವ?"

ಕಿಕ್ಕೇರಿಯ ನಮ್ಮ ಚಿಕ್ಕವ್ವ ಹೀಗೆ ಕೇಳಿದಾಗ ಸುಮಾ ಅವಳ ಬೇಲಿಯಿಂದ ಕಿತ್ತ ಮಂಗರವಳ್ಳಿಯನ್ನು ಚೀಲಕ್ಕೆ ತುಂಬುತ್ತಿದ್ದಳು. ಸುಮಾ ನನ್ನ ಗೆಳೆಯನ ಮಗಳು, ಮೈಸೂರಿನಲ್ಲಿ ರಿಸರ್ಚ್ ಮಾಡುತ್ತಾಳೆ. ಆಪರೇಷನ್ ಮಾಡಿ ತೆಗೆದ ಸವೆದ ಮಂಡಿಯಿಂದ ಜೀವಕಣಗಳನ್ನು ಬಿಡಿಸಿ, ಗಾಜಿನ ತಟ್ಟೆಯಲ್ಲಿ ಸಾಕಿ, ಈ ಬಳ್ಳಿಯಿಂದ ತೆಗೆದ ಒಂದು ಅಂಶವನ್ನು ಅವಕ್ಕೆ ಹಾಕಿ ನೋಡುವುದು ಅವಳ ಕೆಲಸ. ಹಾಕಿದರೆ ಕಣಗಳ ಉರಿಯೂತ ತಗ್ಗುತ್ತದಂತೆ.

"ಮಂಡಿ ಅಲ್ಲಮ್ಮ, ಮಂಡಿಯ ಕಣ."

"ಆ ಮಂಡಿಯೋರು ಎಲ್ಲವ್ರೆ?"

"ಗೊತ್ತಿಲ್ಲ."

"ಚೆಂದಾಗದೆ. ಮಂಡಿ ಒಂದ್ಕಡೆ ವಾಸಿ ಆಯ್ತದೆ, ಆಳು ಒಂದ್ಕಡೆ ಕುಂಟ್ತಾ ಅದೆ."

(ನಕ್ಕಿದ್ದು ನಾನೊಬ್ಬನೇ.)

ಚಿಕ್ಕವ್ವ ತಮಾಷೆಗೆ ಕೇಳಿರಲಿಲ್ಲ. ಕೀಲು ಸವೆದಿದೆ ಎಂದು ಡಾಕ್ಟರು ಹೇಳಿ ಕೈತೊಳೆದುಕೊಂಡಿದ್ದಾರೆ. ಕುಕ್ಕರುಗಾಲಲ್ಲಿ ಕೂರಲು ಅವಳಿಗೆ ಆಗುವುದಿಲ್ಲ. ಅವಳ ಹಸು ಕೆಂಪಿಯೋ, ಬೇರೆ ಯಾರು ಕೈಯಿಟ್ಟರೂ ಒದೆಯುತ್ತದೆ. ಮಗ ಶಿವಣ್ಣ ಕಡೆಯ ಮಾತು ಹೇಳಿಬಿಟ್ಟಿದ್ದಾನೆ: ಅವ್ವ ಹಾಲು ಕರೆಯದಿದ್ದರೆ ಹಸು ದೇವಲಾಪುರದ ಬೀಗರ ಮನೆಗೆ. ಅಡುಗೆಮನೆ ಸೊಸೆಯದಾಯಿತು, ಜಮೀನು ಮಗನದಾಯಿತು. ತನ್ನದು ಎಂದು ಅವಳಿಗೆ ಉಳಿದಿರುವುದು ಆ ಕೊಟ್ಟಿಗೆಯೊಂದೇ.

"ಬಳ್ಳಿ ಅರೆದು ಕಟ್ಟಿ ನೋಡ್ದೆ. ಚಟ್ನಿ ಮಾಡಿ ತಿಂದೆ. ಗಂಟ್ಲು ನವೆ ಆಯ್ತು, ಮಂಡಿ ಅಂಗೇ ಅದೆ. ಆ ತಟ್ಟೆಗೆ ಹಾಕೋದ್ನ ನಂಗೂ ಒಂದ್ ತೊಟ್ಟು ಹಾಕ್ಬುಡವ್ವ."

ಆಗುವುದಿಲ್ಲ ಎಂದಳು ಸುಮಾ. ತಟ್ಟೆಯಲ್ಲಿ ಆಗುವುದು ಮೈಯೊಳಗೂ ಆಗುತ್ತದೆ ಎಂದು ಯಾರೂ ಹೇಳಲಾರರು. ಅದಕ್ಕಿನ್ನೂ ವರ್ಷಗಳು ಬೇಕು.

"ಎಷ್ಟು ವರ್ಸ?"

ಸುಮಾ ಚೀಲದ ಬಾಯಿ ಕಟ್ಟತೊಡಗಿದಳು.

ಆಗ ನಾನು ಬಾಯಿ ಹಾಕಿದೆ. ನಮ್ಮ ಅಜ್ಜಿ, ಅಂದರೆ ಚಿಕ್ಕವ್ವನ ತಾಯಿ, ಇದೇ ಬಳ್ಳಿಯಿಂದ ವಾಸಿಯಾದ ಕಥೆ ತೆಗೆದೆ. ಈ ಅಂಕಣದಲ್ಲೂ ಬರೆದಿದ್ದೇನೆ, ನಿಮಗೆ ನೆನಪಿರಬಹುದು. ಸುಮಾ ಇಲ್ಲಿಗೆ ಬಂದದ್ದೂ ಅದೇ ಕಥೆ ನಂಬಿಕೊಂಡು. ಅಜ್ಜಿ ಕೋಲು ಬಿಸಾಡಿ ಬಾವಿಗೆ ನಡೆದಳು, ನಾನು ಕಣ್ಣಾರೆ ಕಂಡಿದ್ದೇನೆ. (ಕಂಡಿದ್ದೇನೆಯೆ? ಆ ಕೋಲು ಒಮ್ಮೆ ಬಿದಿರಿನದು, ಒಮ್ಮೆ ಬೆತ್ತದ್ದು. ಹೇಳಿದಂತೆಲ್ಲ ಬದಲಾಗುವ ಕೋಲನ್ನು ಊರಿಕೊಂಡು ಎಷ್ಟು ದೂರ ನಡೆಯಬಹುದು?)

"ಯಾವ ವಾಸಿ ಕಣ್ಲಾ?" ಎಂದಳು ಚಿಕ್ಕವ್ವ. "ನಮ್ಮವ್ವಂಗೆ ಸಾಯಗಂಟ ನೋಯ್ತಿತ್ತು. ಹೇಳೋದ್ನ ಬುಟ್ಲು, ಅಷ್ಟೆ."

"ಯಾಕೆ?"

"ನಮ್ಮಪ್ಪ ಉರಿಬಿಸ್ಲಲ್ಲಿ ಗೋವಿಂದನಳ್ಳಿ ಗಂಟ ನಡ್ದು ಬಳ್ಳಿ ತಂದಿದ್ದ. ತಾನೇ ಅರೆದು ತಾನೇ ಕಟ್ದ. ಅವ್ನ ಮಖ ನೋಡ್ಕಂಡು ವಾಸಿ ಆಗ್ಲಿಲ್ಲ ಅಂತ ಎಂಗ್ಲಾ ಹೇಳದು?"

"ಮತ್ತೆ ನಡೀತಿದ್ಲಲ್ಲ?"

"ನಡೀದೆ? ಬಾವಿ ನಡ್ಕಂಡು ಮನೆಗೆ ಬತ್ತದಾ?"

ಇಷ್ಟೇ. ನಲವತ್ತು ವರ್ಷ ನಾನು ಸಾಕಿಕೊಂಡು ಬಂದ ಪವಾಡ ಜಗಲಿಯ ಮೇಲೆ ಸತ್ತು ಬಿತ್ತು. ನಮ್ಮ ಎಷ್ಟು ಮದ್ದುಗಳ ಕೀರ್ತಿ ಹೀಗೆ ಬಂದದ್ದೋ? ಯಾರೋ ಒಬ್ಬಳು ಬಾಯಿ ಮುಚ್ಚಿಕೊಂಡಳು, ಮನೆಯವರು ಅದನ್ನೇ ವಾಸಿ ಎಂದರು. ಹೊಸ ಮದ್ದುಗಳ ಕಥೆಯಾದರೂ ಬೇರೆಯೇ?

ಹೊರಡುವ ಮುಂಚೆ ಮೆಡಿಕಲ್ ಸ್ಟೋರಿನಿಂದ ನೋವಿನ ಟ್ಯೂಬೊಂದನ್ನು ತಂದು ನಾನೇ ಅವಳ ಮಂಡಿಗೆ ಸವರಿದೆ. ಅವಳ ಬಳ್ಳಿ ಹೊತ್ತುಕೊಂಡು, ಅವಳಿಗೆ ಏನೂ ಕೊಡದೆ ಬಸ್ಸು ಹತ್ತುವುದು ಹೇಗೆ? ಪಾಂಡವಪುರ ದಾಟಿ ಶ್ರೀರಂಗಪಟ್ಟಣ ಬರುವವರೆಗೂ ಚೀಲ ಸುಮಾಳ ತೊಡೆಯ ಮೇಲೇ ಇತ್ತು.

ಮೊನ್ನೆ ಶಿವಣ್ಣ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ. ಮೀಟರು ಓಡುತ್ತದೆಂದು ಒಂದೇ ಉಸಿರು.

"ಅಣ್ಣ, ನಿನ್ ಟ್ಯೂಬು ಬಾರಿ ಕೆಲ್ಸ ಮಾಡದೆ. ಅವ್ವಂಗೆ ವಾಸಿ ಆಗೋಯ್ತು. ಅವ್ಳೇ ಹಾಲು ಕರೀತಾವ್ಳೆ. ನೋವು ಅಂತ ಒಂದ್ ಮಾತಿಲ್ಲ."

"ಕೂತ ಮೇಲೆ ಏಳೋದು ಹೇಗೋ?"

"ಅದ್ನ ಯಾರು ನೋಡಕ್ಕೋದಾರು? ಕೊಟ್ಗೆ ಬಾಗ್ಲು ಆಕ್ಕೊಂಡು ಕರೀತಾಳೆ. ನಿಂಗೆ ತಿಳಿಸ್ಬುಡು ಅಂತ ಅವ್ಳೇ ನನ್ನ ಕಳ್ಸುದ್ಲು."

ಸಂತೋಷ ಎಂದೆ. ಇನ್ನೇನು ಹೇಳಲಿ?

ಸುಮಾಳ ತಟ್ಟೆಯ ಕಣಗಳಿಗೆ ಈ ತಾಪತ್ರಯವಿಲ್ಲ. ಮದ್ದು ತಂದವರ ಮುಖವನ್ನು ಅವು ನೋಡಬೇಕಾಗಿಲ್ಲ.